ಕಂಟೇನರಿನಲ್ಲಿ ಸ್ಥಾವರ–ಜಂಗಮ

ಸೊಲ್ಲಾಪುರ–ಅಕ್ಕಲಕೋಟೆ ಸೀಮೆಯ ಕನ್ನಡಿಗರಿಗೆ ಸ್ಥಾವರ–ಜಂಗಮಗಳ ಚರ್ಚೆ ದೂರದ್ದಲ್ಲ. 12ನೆಯ ಶತಮಾನದಲ್ಲಿ ಸೊನ್ನಲಿಗೆ ಎನಿಸಿದ್ದ ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸಿ, ಗುಡಿ ಎತ್ತಿಸಿ, 68 ಲಿಂಗಗಳನ್ನು ಸ್ಥಾಪಿಸಿದನೆಂದು ಪರಂಪರೆ ಹೇಳುವ ಸಿದ್ಧರಾಮನನ್ನು ಅಲ್ಲಮಪ್ರಭು ಪ್ರಶ್ನಿಸಿ, ಕಲ್ಯಾಣಕ್ಕೆ ಕರೆದೊಯ್ದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ನೆಲಕ್ಕಂಟಿ ನಿಂತದ್ದು ಸ್ಥಾವರ, ಚಲಿಸುವ ಚೈತನ್ಯ ಜಂಗಮ ಎಂಬ ಆ ವಿವೇಚನೆಯನ್ನು ಇಂದು ತಂತ್ರಾಂಶದ ಸ್ಥಾಪನೆಯೂ ಕೆಣಕುತ್ತದೆ.

ಸಲಗರ ಬುದ್ರುಕದಂಥ ಗಡಿಹಳ್ಳಿಯ ಗ್ರಂಥಾಲಯವೊಂದು ತನ್ನ ವಚನಸಂಗ್ರಹವನ್ನು ಜಾಲತಾಣವಾಗಿಸಲು ಹೊರಟರೆ ಅದಕ್ಕೆ ವೆಬ್ ಸರ್ವರ್, ಅಪ್ಲಿಕೇಶನ್, ಡೇಟಾಬೇಸ್ ಎಂಬ ಮೂರು ಸೇವೆಗಳಾದರೂ ಬೇಕು. ಇವನ್ನು ಒಂದೇ ಯಂತ್ರದಲ್ಲಿ ನೇರವಾಗಿ ನೆಟ್ಟರೆ ಒಂದರ ಆವೃತ್ತಿ ಬದಲಾದಾಗ ಇನ್ನೊಂದು ಕೆಡಬಹುದು. 2013ರಲ್ಲಿ ಬಂದ ಡಾಕರ್ ಎಂಬ ತಂತ್ರಾಂಶ ಜನಪ್ರಿಯಗೊಳಿಸಿದ ಕಂಟೇನರ್ ಪದ್ಧತಿಯಲ್ಲಿ ಪ್ರತಿ ಸೇವೆಯೂ ತನಗೆ ಬೇಕಾದ ಲೈಬ್ರರಿಗಳೊಡನೆ ಇಮೇಜ್ ಎಂಬ ಅಚ್ಚಿನಲ್ಲಿ ಅಡಕವಾಗಿದ್ದು, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲನ್ನು ಮಾತ್ರ ಹಂಚಿಕೊಂಡು ಪ್ರತ್ಯೇಕವಾಗಿ ಓಡುತ್ತದೆ. ಮೂರರ ಸಂಬಂಧವನ್ನು ಕಂಪೋಸ್ ಎಂಬ ಒಂದು ಕಡತ ವಿವರಿಸುತ್ತದೆ.

ಹಳೆಯ ಕಂಟೇನರನ್ನು ಅಳಿಸಿ ಅದೇ ಇಮೇಜಿನಿಂದ ಹೊಸದನ್ನು ಎಬ್ಬಿಸಿದಾಗ ಅದು ಅದೇ ಸೇವೆಯೇ ಎಂಬುದು ಇಲ್ಲಿನ ನಿಜವಾದ ಪ್ರಶ್ನೆ. ಕಂಪೋಸಿನ ‘ಡೌನ್’ ಆದೇಶ ಕಂಟೇನರುಗಳನ್ನೂ ಅವುಗಳ ಜಾಲವನ್ನೂ ತೆಗೆದುಹಾಕುತ್ತದೆ, ಆದರೆ ದತ್ತಾಂಶ ಉಳಿಯುವ ವಾಲ್ಯೂಮ್ ಎಂಬ ಶೇಖರಣೆಯನ್ನು, ‘ವಿ’ ಸೂಚಕವನ್ನು ಬೇರೆಯಾಗಿ ಸೇರಿಸದ ಹೊರತು, ಮುಟ್ಟುವುದಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಅಧಿಕೃತ ಇಮೇಜಂತೂ ಕಡತದಲ್ಲಿ ಬರೆದ ಪಾಸ್‌ವರ್ಡನ್ನು ವಾಲ್ಯೂಮ್ ಬರಿದಾಗಿರುವ ಮೊದಲ ಸಲ ಮಾತ್ರ ಸ್ವೀಕರಿಸುತ್ತದೆ. ಆಮೇಲೆ ಕಡತ ತಿದ್ದಿ ಹೊಸ ಕಂಟೇನರ್ ಎಬ್ಬಿಸಿದರೂ ಡೇಟಾಬೇಸ್ ಒಪ್ಪುವುದು ಹಳೆಯ ಪಾಸ್‌ವರ್ಡನ್ನೇ. ದೇಹ ಹೊಸದಾಗಿ, ಸಂಸ್ಕಾರ ಹಳೆಯದಾಗಿಯೇ ಉಳಿಯುವ ಈ ಸ್ಥಿತಿ (ಮೊದಲ ಸಲ ಕಂಡವರನ್ನು ಇದು ಗಂಟೆಗಟ್ಟಲೆ ತಬ್ಬಿಬ್ಬುಗೊಳಿಸುತ್ತದೆ) ಸೇವೆಯ ಗುರುತು ನೆನಪಿನಲ್ಲಿದೆ, ಒಡಲಿನಲ್ಲಿಲ್ಲ ಎಂಬುದಕ್ಕೆ ಸಾಕ್ಷಿ.

ಹಾಗಾದ್ದರಿಂದ ಕಂಟೇನರನ್ನು ಅಪ್ಪಟ ಜಂಗಮವೆಂದು ಕೊಂಡಾಡುವುದು ಅರ್ಧಸತ್ಯ. ವೆಬ್ ಸರ್ವರನ್ನು ಯಾವ ಯಂತ್ರದಲ್ಲಾದರೂ ಎಬ್ಬಿಸಬಹುದಾದರೂ ವಚನಗಳ ಪಾಠ ಒಂದೆಡೆ ನೆಲೆ ನಿಲ್ಲಲೇಬೇಕು. ಅಲ್ಲಮನ ಟೀಕೆಯನ್ನೂ ಹೀಗೇ ಓದುವುದು ಸರಿ: ಆತ ಕೆರೆಯನ್ನು ಮುಚ್ಚಿಸಲಿಲ್ಲ, ಕಟ್ಟಿದವನ ಅಂಟನ್ನು ಪ್ರಶ್ನಿಸಿದ. ಓಡುತ್ತಿರುವ ಕಂಟೇನರಿನೊಳಗೆ ಕೈಯಾರೆ ತಿದ್ದುಪಡಿ ಮಾಡಿ ಅದನ್ನೇ ಕಾಯುತ್ತ ಕೂರುವ ನಿರ್ವಾಹಕನಿಗೂ ಆ ಪ್ರಶ್ನೆ ಸಲ್ಲುತ್ತದೆ. ತಿದ್ದುಪಡಿ ಇಮೇಜಿಗೆ ಸೇರಬೇಕು. ಡೇಟಾಬೇಸಿನ ಡಂಪ್ ಪ್ರತಿ ನಿಯಮಿತವಾಗಿ ಬೇರೊಂದು ಯಂತ್ರಕ್ಕೆ ಹೋಗಬೇಕು, ಏಕೆಂದರೆ ಡಿಸ್ಕ್ ಕೆಟ್ಟರೆ ವಾಲ್ಯೂಮೂ ಉಳಿಯುವುದಿಲ್ಲ.