ಕೊಂಡುಂಡ ಅನ್ನದ ಋಣ

ಅನ್ನವನ್ನು ಹಣಕ್ಕೆ ಮಾರುವುದು ನಮ್ಮ ಹಿರಿಯರಿಗೆ ಮನಸ್ಸೊಪ್ಪದ ವ್ಯವಹಾರವಾಗಿತ್ತು. ದಾರಿಹೋಕನಿಗೆ ಛತ್ರವಿತ್ತು, ಬಾಯಾರಿದವನಿಗೆ ಅರವಟ್ಟಿಗೆಯಿತ್ತು, ಹೊತ್ತು ಮೀರಿ ಊರು ಸೇರಿದವನಿಗೆ ಯಾರದಾದರೂ ಒಂದು ಜಗಲಿಯಿತ್ತು. ಅನ್ನವಿಕ್ರಯ ದೋಷವೆಂದು ಶಾಸ್ತ್ರ ಬಲ್ಲವರು ಹೇಳುತ್ತಿದ್ದರು. ಶಾಸ್ತ್ರವನ್ನು ಅರಿಯದವರು ‘ಅನ್ನ ಮಾರಿ ಬದುಕಬೇಕೆ?’ ಎಂದು ಕೇಳುತ್ತಿದ್ದರು. ಇಂದು ಆ ಸಂಕೋಚವನ್ನು ನಾವು ದಾಟಿ ಬಹುದೂರ ಬಂದಿದ್ದೇವೆ. ಪಟ್ಟಣದಲ್ಲಿ ಬದುಕುವವರು ವಾರಕ್ಕೆ ಒಂದೆರಡು ಹೊತ್ತಾದರೂ ಕೊಂಡು ಉಣ್ಣುತ್ತೇವೆ. ಉಂಡು, ಕೈ ತೊಳೆದು, ಬಿಲ್ಲು ತೆತ್ತು ಹೊರಗೆ ಬಂದರೆ ಆ ಅನ್ನಕ್ಕೂ ನಮಗೂ ಇದ್ದ ಸಂಬಂಧ ತೀರಿತೆಂದೇ ತಿಳಿಯುತ್ತೇವೆ. ಅದು ನಿಜವಾಗಿಯೂ ತೀರಿತೆ? ಹಣ ಕೊಟ್ಟ ಮೇಲೂ ಅನ್ನದ ಋಣವೆಂಬುದು ಏನಾದರೂ ಉಳಿದಿರುತ್ತದೆಯೆ?

ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಬಲವಾಗಿ ಮೂಡಿದ್ದು ಒಂದು ಜಪಾನೀ ಊಟದ ಮನೆಯಲ್ಲಿ. ನನ್ನದು ಸಿದ್ದರಬೆಟ್ಟದ ಸೀಮೆ. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ಈ ನಾಲ್ಕು ಕಡೆಯೂ ಊಟವೆಂದರೆ ರಾಗಿಮುದ್ದೆ, ಹುರುಳಿಕಾಳಿನ ಸಾರು, ಹುಚ್ಚೆಳ್ಳಿನ ಚಟ್ನಿ. ಇಂಥ ನೆಲದವನು ಜಪಾನೀ ಊಟದ ಮಾತೆತ್ತುವುದು ಓದುಗರಿಗೆ ವಿಚಿತ್ರವಾಗಿ ಕಂಡೀತು. ಆದರೆ ಜಪಾನು ಈಗ ನಾವು ಎಣಿಸಿದಷ್ಟು ದೂರದಲ್ಲಿಲ್ಲ. ತುಮಕೂರಿನಿಂದ ಸಿರಾ ಕಡೆಗೆ ಹೋಗುವ ಹೆದ್ದಾರಿಯ ಆಸುಪಾಸಿನಲ್ಲಿ, ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ, ಜಪಾನೀ ಕಂಪನಿಗಳಿಗೆಂದೇ ನೆಲ ಗೊತ್ತುಮಾಡಲಾಗಿದೆ. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 1999ರ ಕೊನೆಯಲ್ಲಿಯೇ ಕಾರುಗಳು ಹೊರಬರತೊಡಗಿದವು. ಜನ ಹೋದಲ್ಲಿಗೆ ಅವರ ಅಡುಗೆಯೂ ಹೋಗುತ್ತದೆ. ಉಡುಪಿಯವರು ಮುಂಬಯಿಗೆ ಹೋದಾಗ ಇಡ್ಲಿಯೂ ಹೋಗಲಿಲ್ಲವೆ? ಹಾಗೆ ಬೆಂಗಳೂರಿನಲ್ಲಿಯೂ ಸಣ್ಣ ಸಣ್ಣ ಜಪಾನೀ ಊಟದ ಮನೆಗಳು ಹುಟ್ಟಿಕೊಂಡಿವೆ. ಅಂಥದೊಂದಕ್ಕೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಕರೆದುಕೊಂಡು ಹೋದ. ಆತ ಜಪಾನೀ ಭಾಷೆ ಕಲಿತು ಒಂದು ಕಂಪನಿಯಲ್ಲಿ ದುಭಾಷಿಯ ಕೆಲಸ ಮಾಡುತ್ತಾನೆ.

ಅದು ದೊಡ್ಡ ಹೋಟೆಲಲ್ಲ. ನಮ್ಮ ಬಡಾವಣೆಗಳ ಮೆಸ್ಸಿನಂಥ ಜಾಗ. ಬಾಗಿಲಿಗೆ ಅರ್ಧ ಇಳಿಬಿಟ್ಟ ಬಟ್ಟೆಯ ತೆರೆ. ತೆರೆ ಸರಿಸಿದೊಡನೆ ಒಳಗಿದ್ದವರೆಲ್ಲ ಒಟ್ಟಿಗೆ ಕೂಗಿ ಸ್ವಾಗತಿಸಿದರು. ಕೈ ಒರೆಸಿಕೊಳ್ಳಲು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ವಸ್ತ್ರ. ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಗೋಡೆಯಿಲ್ಲ, ಒಂದು ಉದ್ದನೆಯ ಮರದ ಹಲಗೆಯಷ್ಟೆ; ಮಾಡುವವನ ಕೈ ಉಣ್ಣುವವನ ಕಣ್ಣಿಗೆ ಕಾಣುತ್ತದೆ. ಒಂದು ತಟ್ಟೆಯಲ್ಲಿ ಅನ್ನ, ಸೋಯಾ ಹುದುಗಿಸಿ ಮಾಡಿದ ಮಿಸೋ ಸಾರು, ಉಪ್ಪಿನಲ್ಲಿ ಹಾಕಿದ ತರಕಾರಿ, ಜೊತೆಗೊಂದು ಮುಖ್ಯ ಪದಾರ್ಥ. ಇದಕ್ಕೆ ಅವರು ‘ತೇಷೊಕು’ ಎನ್ನುತ್ತಾರೆ. ನಮ್ಮ ‘ಪ್ಲೇಟ್ ಮೀಲ್ಸ್’ ಎಂದುಕೊಳ್ಳಬಹುದು. ಶಾಕಾಹಾರಿಗಳು ಮಾತ್ರ ಎಚ್ಚರದಿಂದಿರಬೇಕು: ನೋಡಲು ಸಾಧುವಾದ ಆ ಸಾರಿನ ತಳಕಟ್ಟಿನಲ್ಲಿ ಸಾಮಾನ್ಯವಾಗಿ ಒಣಮೀನಿನ ರಸವಿರುತ್ತದೆ.

ಪಕ್ಕದ ಮೇಜಿನಲ್ಲಿ ಇಬ್ಬರು ಜಪಾನೀಯರು ಕುಳಿತಿದ್ದರು; ಯಾವುದೋ ಕಾರ್ಖಾನೆಯ ಇಂಜಿನಿಯರುಗಳಿರಬೇಕು. ತಟ್ಟೆ ಬಂದೊಡನೆ ಕೈ ಜೋಡಿಸಿ, ತಲೆ ತುಸು ಬಾಗಿಸಿ, ‘ಇತದಕಿಮಸು’ ಎಂದರು. ಉಂಡು ಹಣ ಕೊಟ್ಟು ಹೊರಡುವಾಗ ಅಡುಗೆಮನೆಯ ಕಡೆಗೆ ತಿರುಗಿ ‘ಗೊಚಿಸೋಸಮ’ ಎಂದರು. ನನ್ನ ವಿದ್ಯಾರ್ಥಿ ಅರ್ಥ ಬಿಡಿಸಿ ಹೇಳಿದ. ಇತದಕಿಮಸು ಎಂದರೆ ‘ವಿನಯದಿಂದ ಸ್ವೀಕರಿಸುತ್ತೇನೆ’ ಎಂದು. ಆ ಧಾತುವಿನ ಮೂಲ ಅರ್ಥ, ತಲೆಯ ಮೇಲಕ್ಕೆ ಎತ್ತಿ ಹಿಡಿಯುವುದು. ಬೆಟ್ಟದ ನೆತ್ತಿಗೂ ಅವರು ಅದೇ ಧಾತುವಿನಿಂದ ‘ಇತದಕಿ’ ಎನ್ನುತ್ತಾರೆ. ಗೊಚಿಸೋಸಮ ಎಂಬುದರಲ್ಲಿರುವುದು ‘ಓಡಾಟ’ ಎಂಬ ಅರ್ಥ: ಅತಿಥಿಗೆ ಉಣಬಡಿಸಲು ಪದಾರ್ಥ ಹೊಂದಿಸುತ್ತ ಅಲ್ಲಿ ಇಲ್ಲಿ ಓಡಿದವರ ಶ್ರಮವನ್ನು ನೆನೆಯುವ ಮಾತು. ಈ ಎರಡನ್ನೂ ಮನೆಯಲ್ಲಿ ಹೇಳುತ್ತಾರೆ, ಶಾಲೆಯಲ್ಲಿ ಹೇಳುತ್ತಾರೆ, ಹಣ ಕೊಟ್ಟು ಉಣ್ಣುವ ಅಂಗಡಿಯಲ್ಲಿಯೂ ಹೇಳುತ್ತಾರೆ. ಬಡಿಸಿದವನಿಗೆ ಟಿಪ್ಸು ಕೊಡುವ ರೂಢಿ ಮಾತ್ರ ಆ ದೇಶದಲ್ಲಿಲ್ಲ.

ಆ ಜಪಾನೀ ಅಡುಗೆಮನೆಯಲ್ಲಿ ಜಪಾನಿನವರು ಯಾರೂ ಇರಲಿಲ್ಲ. ಒಲೆಯ ಮುಂದೆ ನಿಂತವನು ಡಾರ್ಜಿಲಿಂಗ್ ಕಡೆಯವನು; ಪಾತ್ರೆ ತೊಳೆಯುತ್ತಿದ್ದ ಹುಡುಗ ನಮ್ಮ ಮಧುಗಿರಿ ಕಡೆಯ ಹಳ್ಳಿಯವನು. ಮಾತಿನ ಧಾಟಿಯಲ್ಲಿಯೇ ನನಗೆ ಗುರುತು ಸಿಕ್ಕಿತು. ಆ ಇಬ್ಬರು ಆಡಿದ ಮಾತಿನ ಅರ್ಥ ಗೊತ್ತೇನಪ್ಪ ಎಂದು ಕೇಳಿದೆ. ‘ಅದೇನ್ ಹೇಳ್ತಾರೋ ಗೊತ್ತಿಲ್ಲ ಸಾ. ಆದ್ರೆ ನಮ್ ಕಡೆ ತಿರುಕ್ಕೊಂಡ್ ಹೇಳ್ತಾರೆ’ ಎಂದ.

ಕನ್ನಡದ ಮೇಷ್ಟರಾದವರಿಗೆ ಇಲ್ಲಿ ಒಂದು ಸಂದೇಹ ಬರುತ್ತದೆ: ನಮ್ಮ ಆಡುಮಾತಿನಲ್ಲಿ ಇಂಥ ಪದ ಯಾವುದು? ‘ಧನ್ಯವಾದ’ ಎಂಬುದು ವೇದಿಕೆಯ ಮಾತು. ಅಡುಗೆಮನೆಯಲ್ಲಿ ಅದನ್ನು ಆಡಿದರೆ ಹೆತ್ತ ತಾಯಿ ಗಾಬರಿಯಾದಾಳು. ಪದವಿಲ್ಲವೆಂದ ಮಾತ್ರಕ್ಕೆ ಭಾವವಿಲ್ಲವೆಂದಲ್ಲ. ನಮ್ಮವರು ಅದನ್ನು ನಾಲಗೆಗೆ ವಹಿಸದೆ ನಡತೆಗೆ ವಹಿಸಿದರು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದರು. ಉಂಡ ಮನೆಯ ಜಂತಿ ಎಣಿಸಬಾರದು ಎಂದರು. ಊರು ಬಿಟ್ಟು ಹೋಗುವವನು ‘ಇಲ್ಲಿಯ ಅನ್ನದ ಋಣ ತೀರಿತು’ ಎನ್ನುತ್ತಿದ್ದ. ಪ್ರಾಣ ಬಿಟ್ಟವನ ಬಗೆಗೂ ಅದೇ ಮಾತು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವವರಿಗೆ ತಲೆಯ ಮೇಲಕ್ಕೆತ್ತಿ ಸ್ವೀಕರಿಸುವ ಮಾತಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಈ ಗಾದೆಗಳೆಲ್ಲ ಒಂದನ್ನು ನಂಬಿ ನಿಂತಿವೆ: ಉಪ್ಪಿಟ್ಟವರು ಯಾರೆಂಬುದು ಉಂಡವನಿಗೆ ಗೊತ್ತಿರಬೇಕು. ಹೋಟೆಲಿನಲ್ಲಿ ಅದು ಗೊತ್ತಿಲ್ಲ. ಅಲ್ಲಿ ಯಾರನ್ನು ಮುಪ್ಪಿನ ತನಕ ನೆನೆಯುವುದು? ಕ್ಯಾಷಿಯರನ್ನೆ? ನಮ್ಮ ಕೃತಜ್ಞತೆ ವಿಳಾಸವಿಲ್ಲದ ಕಾಗದದಂತೆ ಜೇಬಿನಲ್ಲಿಯೇ ಉಳಿದು, ಕೊನೆಗೆ ಮರೆತುಹೋಗುತ್ತದೆ.

ಜಪಾನಿನಲ್ಲಿಯೂ ಈ ಪ್ರಶ್ನೆ ಏಳದೆ ಇಲ್ಲ. 2005ರಲ್ಲಿ ಅಲ್ಲಿಯ ಪ್ರಸಿದ್ಧ ಗೀತಕಾರ ಎಯ್ ರೊಕುಸುಕೆ ನಡೆಸುತ್ತಿದ್ದ ರೇಡಿಯೋ ಕಾರ್ಯಕ್ರಮಕ್ಕೆ ಒಂದು ಪತ್ರ ಬಂತು. ಶಾಲೆಯ ಮಧ್ಯಾಹ್ನದ ಊಟಕ್ಕೆ ನಾವು ಹಣ ಕಟ್ಟುತ್ತೇವೆ, ಆದ್ದರಿಂದ ನಮ್ಮ ಮಗುವಿನ ಬಾಯಲ್ಲಿ ‘ಇತದಕಿಮಸು’ ಎನ್ನಿಸಬೇಡಿ ಎಂದು ತಾಯಿಯೊಬ್ಬಳು ಶಾಲೆಗೆ ಹೇಳಿದಳೆಂಬುದು ಪತ್ರದ ವಿಷಯ. ದೇಶದಲ್ಲೆಲ್ಲ ಚರ್ಚೆಯಾಯಿತು. ಬಹುಮಂದಿ ಆ ತಾಯಿಯನ್ನು ಆಕ್ಷೇಪಿಸಿದರು. ಅವಳ ಮಾತು ಸರಿಯೆಂದವರೂ ಇದ್ದರು.

ಆ ತಾಯಿಯನ್ನು ನಕ್ಕು ತಳ್ಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಅವಳ ಪಕ್ಷದಲ್ಲಿ ಬಲವಾದ ಮಾತೊಂದಿದೆ. ಅದನ್ನು ನಮ್ಮ ದೇಶದವರು ಜಪಾನೀಯರಿಗಿಂತ ಚೆನ್ನಾಗಿ ಅರಿಯಬಲ್ಲೆವು. ದಾನದ ಅನ್ನ ನಮ್ಮಲ್ಲಿ ಎಂದೂ ಸುಮ್ಮನೆ ಬರಲಿಲ್ಲ. ಅನೇಕ ಛತ್ರಗಳಲ್ಲಿ ಎಲೆ ಹಾಕುವ ಮೊದಲು ಕುಲ ಕೇಳುತ್ತಿದ್ದರು, ಪಂಕ್ತಿಭೇದ ಮಾಡುತ್ತಿದ್ದರು. ಹೋಟೆಲುಗಳು ಬಂದ ಹೊಸದರಲ್ಲಿ ಅವೂ ಬ್ರಾಹ್ಮಣರಿಗೆಂದು ಬೇರೆ ಕೋಣೆ ಇಟ್ಟುಕೊಂಡಿದ್ದವು. ಹಳ್ಳಿಯ ಚಹದಂಗಡಿಯಲ್ಲಿ ಕೆಲವರಿಗೆ ಬೇರೆ ಲೋಟವಿತ್ತು. ಈ ಬೇನೆ ಎಷ್ಟು ಆಳದ್ದೆಂದರೆ, 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ತನ್ನ 15ನೆಯ ವಿಧಿಯಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳನ್ನು ಹೆಸರು ಹಿಡಿದು ಹೇಳಿ, ಜಾತಿಯ ಕಾರಣದಿಂದ ಯಾರನ್ನೂ ಅಲ್ಲಿಂದ ತಡೆಯಕೂಡದೆಂದು ವಿಧಿಸಬೇಕಾಯಿತು. ಹತ್ತು ರೂಪಾಯಿಯ ನೋಟಿಗೆ ಜಾತಿಯಿಲ್ಲ. ಹಣ ಕೊಟ್ಟು ತಲೆಯೆತ್ತಿ ಕುಳಿತು ಉಣ್ಣುವ ಅವಕಾಶ ಎಷ್ಟೋ ಜನರಿಗೆ ಮಾನವನ್ನು ತಂದುಕೊಟ್ಟಿತು.

ಇನ್ನೊಂದು ಮಾತು. ಅನ್ನದ ಋಣವೆಂಬ ಪವಿತ್ರ ಭಾವನೆಯನ್ನು ನಮ್ಮಲ್ಲಿ ಹಗ್ಗವಾಗಿ ಹೊಸೆದವರೂ ಉಂಟು. ‘ನನ್ನ ಮನೆಯ ಉಪ್ಪು ತಿಂದಿದ್ದೀಯೆ’ ಎಂಬ ಮಾತಿನಿಂದಲೇ ಜೀತದಾಳನ್ನು ತಲೆಮಾರುಗಟ್ಟಲೆ ಕೊಟ್ಟಿಗೆಗೆ ಕಟ್ಟಿಹಾಕಿದ್ದರು. ಕೂಲಿ ಕೇಳಿದರೆ ಅವನು ಉಂಡ ಮನೆಗೆ ಎರಡು ಬಗೆದವನು! ಜೀತಪದ್ಧತಿಯನ್ನು ರದ್ದುಪಡಿಸುವ ಕಾಯಿದೆ ಬಂದದ್ದು 1976ರಲ್ಲಿ. ಹೀಗಿರುವಾಗ, ‘ಕೆಲಸಕ್ಕೆ ಕೂಲಿ, ಕೂಳಿಗೆ ಹಣ, ಯಾರ ಹಂಗೂ ಬೇಡ’ ಎನ್ನುವವನ ಮಾತಿನಲ್ಲಿ ಅಹಂಕಾರಕ್ಕಿಂತ ಹೆಚ್ಚಾಗಿ ಬಿಡುಗಡೆಯ ಉಸಿರಿದೆ.

ಇಷ್ಟನ್ನೂ ಒಪ್ಪಿದ ಮೇಲೆ ಲೆಕ್ಕವನ್ನು ಮತ್ತೊಮ್ಮೆ ನೋಡೋಣ. ಆ ತಾಯಿ ಕಟ್ಟಿದ ಹಣದಿಂದ ಏನೇನು ತೀರಿತು? ಜಪಾನಿನ 1954ರ ಶಾಲಾ ಊಟದ ಕಾಯಿದೆಯ ಏರ್ಪಾಡಿನಂತೆ ತಂದೆತಾಯಿಗಳು ಭರಿಸುತ್ತಿದ್ದುದು ಮುಖ್ಯವಾಗಿ ಪದಾರ್ಥಗಳ ಬೆಲೆಯನ್ನು. ಅಡುಗೆಯವರ ಸಂಬಳವೂ ಅಡುಗೆಮನೆಯ ವೆಚ್ಚವೂ ಸ್ಥಳೀಯ ಆಡಳಿತದ್ದು. ನಮ್ಮಲ್ಲಿ 2017ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನ್ ತೆರೆದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಆ ಹಣ ಅಕ್ಕಿಬೇಳೆಗೂ ಸಾಲದೆಂಬುದು ಯಾರಿಗೆ ತಿಳಿಯದು? ಪೂರ್ತಿ ಬೆಲೆ ತೆತ್ತು ಉಣ್ಣುವ ಹೋಟೆಲಿನಲ್ಲಿಯೂ ಬಿಲ್ಲಿನಲ್ಲಿ ಕಾಣುವ ಸಂಗತಿಗಳು ಕೆಲವೇ. ಪಾವಗಡದ ಕಡೆ ಬರ ಎಷ್ಟು ಸಲ ಬಂದುಹೋಗಿದೆಯೆಂದು ಆ ಭಾಗದವರನ್ನು ಕೇಳಬೇಕು. ಅಲ್ಲಿ ಮುಗಿಲು ನೋಡುತ್ತ ಶೇಂಗಾ ಬಿತ್ತಿದವನ ಆತಂಕಕ್ಕೆ ಯಾವ ಬಿಲ್ಲಿನಲ್ಲಿ ಸಾಲಿದೆ? ನಡುರಾತ್ರಿ ಕಳೆದ ಮೇಲೆ ಕೊನೆಯ ಪಾತ್ರೆ ತೊಳೆದು ಮಲಗುವ ಹುಡುಗನ ನಿದ್ದೆಗೆ? ಮಧುಗಿರಿ ರಸ್ತೆಯ ಮುದ್ದೆ ಹೋಟೆಲಿನ ಅಮ್ಮ, ಬೇಡವೆಂದರೂ ‘ಇನ್ನರ್ಧ ಮುರ್ಕೊಳ್ಳಿ, ಹೊಟ್ಟೆ ತುಂಬ ಉಣ್ಣಿ’ ಎನ್ನುತ್ತಾಳಲ್ಲ, ಆ ಮಾತಿಗೆ?

ಬೆಲೆಯೆಂಬುದು ಇಬ್ಬರ ನಡುವಣ ಒಪ್ಪಂದ. ಅನ್ನವಾದರೋ ನೂರಾರು ಜನರ ಕೈದಾಟಿ, ಮಳೆ ಮಣ್ಣುಗಳ ಕೃಪೆಯಿಂದ, ಗಿಡವೋ ಮೀನೋ ತನ್ನ ಜೀವವನ್ನು ಬಿಟ್ಟುಕೊಟ್ಟು ಬಂದದ್ದು. ಇಬ್ಬರ ನಡುವಣ ಲೆಕ್ಕ ಚುಕ್ತವಾದರೆ ನೂರಾರು ಮಂದಿಯ ಲೆಕ್ಕವೂ ಚುಕ್ತವಾಯಿತೆಂದು ತಿಳಿಯುವುದೇ ನಮ್ಮ ಭ್ರಮೆ. ಈ ಭ್ರಮೆಯ ಫಲವನ್ನು ಯಾವ ಮದುವೆಯ ಛತ್ರದ ಹಿತ್ತಿಲಲ್ಲಿ ಬೇಕಾದರೂ ನೋಡಬಹುದು. ‘ನನ್ನ ದುಡ್ಡು, ನಾನು ಬಿಡುತ್ತೇನೆ’ ಎನ್ನುವವನು ಅನ್ನವನ್ನಷ್ಟೇ ಅಲ್ಲ, ಅದರ ಹಿಂದಿನ ಕೈಗಳನ್ನೂ ಕೊಂಡುಕೊಂಡೆನೆಂದು ಭಾವಿಸಿದ್ದಾನೆ. ಕಲ್ಯಾಣದ ಶರಣರಲ್ಲಿ ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಕಳಿಸಿದಳು. ಬೆಲೆಯಿಲ್ಲದೆ ದೊರೆತ ಅಕ್ಕಿಗೂ ಅವಳು ಅಳತೆ ಇಟ್ಟಳು. ಬೆಲೆ ಕೊಟ್ಟ ಅನ್ನಕ್ಕೆ ಅಳತೆ ಬೇಡವೆನ್ನುವ ನಾವು ಅವಳೆದುರು ಏನು ಉತ್ತರ ಹೇಳುವೆವು?

ಅಡುಗೆಯೂ ಕಾಯಕವೇ ಎಂಬುದನ್ನು ದೂರದ ಜಪಾನಿನ ಒಬ್ಬ ಸಂನ್ಯಾಸಿಯೂ ಕಂಡುಕೊಂಡ. ಝೆನ್ ಗುರು ದೋಗೆನ್ 1223ರಲ್ಲಿ ಚೀನಾಕ್ಕೆ ಹೋದಾಗ, ಬಂದರಿನಲ್ಲಿ ನಿಂತಿದ್ದ ಹಡಗಿಗೆ ಅಲ್ಲಿಯ ಮಠದ ವೃದ್ಧ ಅಡುಗೆಯವನೊಬ್ಬ ಅಣಬೆ ಕೊಳ್ಳಲು ಮೂರು ನಾಲ್ಕು ಹರಿದಾರಿ ನಡೆದು ಬಂದನಂತೆ. ಈ ವಯಸ್ಸಿನಲ್ಲಿ ಧ್ಯಾನ, ಅಧ್ಯಯನಗಳನ್ನು ಬಿಟ್ಟು ಈ ಅಡುಗೆಯ ಗೊಡವೆ ಏಕೆ ಎಂದು ದೋಗೆನ್ ಕೇಳಿದ. ಸಾಧನೆಯೆಂದರೇನೆಂಬುದು ನಿನಗಿನ್ನೂ ತಿಳಿದಿಲ್ಲವೆಂದು ಮುದುಕ ನಕ್ಕು, ಮರುದಿನದ ಅಡುಗೆಗೆ ಹೊತ್ತಾಯಿತೆಂದು ಹೊರಟುಹೋದ. ಮುಂದೆ 1237ರಲ್ಲಿ ದೋಗೆನ್ ಅಡುಗೆಯವನ ಕರ್ತವ್ಯವನ್ನು ಕುರಿತೇ ಒಂದು ಗ್ರಂಥ ಬರೆದ. ಅಕ್ಕಿಬೇಳೆಗಳನ್ನು ತನ್ನ ಕಣ್ಣಿನಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕೆಂಬುದು ಅದರ ಉಪದೇಶಗಳಲ್ಲೊಂದು. ಹಾಗೆ ಬೇಯಿಸಿದ್ದನ್ನು ಕಣ್ಣೆತ್ತಿಯೂ ನೋಡದೆ, ಕೈಯಲ್ಲಿ ಫೋನು ಹಿಡಿದುಕೊಂಡು ನುಂಗುವುದು ಹಣ ಕೊಟ್ಟವನಿಗೂ ಶೋಭಿಸದು.

ಹಾಗಾದರೆ ಕೊಂಡ ಅನ್ನಕ್ಕೂ ಋಣವುಂಟು. ಆದರೆ ಆ ಋಣದ ಮಾತನ್ನು ಯಾರು ಆಡಬೇಕೆಂಬುದರಲ್ಲಿಯೇ ಎಲ್ಲ ಅಡಗಿದೆ. ಉಂಡವನು ತಾನಾಗಿ ಆಡಿದರೆ ಅದು ಧರ್ಮ. ಬಡಿಸಿದವನು ಎತ್ತಿ ಆಡಿದರೆ ಅದೇ ಸಂಕೋಲೆ. ಜಪಾನೀ ಮಾತಿನಲ್ಲಿ ನನಗೆ ಹಿಡಿಸಿದ್ದು ಇದು: ಒಡೆಯನೂ ಆಳೂ ಉಣ್ಣುವ ಮುನ್ನ ಅದನ್ನೇ ಹೇಳುತ್ತಾರೆ, ದಾನಿಯ ಹೆಸರು ಅದರಲ್ಲಿಲ್ಲ, ಆದ್ದರಿಂದ ಯಾರ ತಲೆಯೂ ಯಾರ ಮುಂದೆಯೂ ತಗ್ಗಬೇಕಾಗಿಲ್ಲ. ಬಾಯಿಪಾಠವಾಗಿ ಅರ್ಥ ಸವೆದು ಅದನ್ನು ಆಡುವವರು ಆ ದೇಶದಲ್ಲಿಯೂ ಬಹುಮಂದಿ ಇರಬೇಕು. ನಮ್ಮ ನಮಸ್ಕಾರವೂ ಹಾಗೆಯೇ ಅಲ್ಲವೆ? ಸವೆದರೂ ಇದ್ದ ನಾಣ್ಯ ಎಂದಾದರೊಂದು ದಿನ ಚಲಾವಣೆಗೆ ಬಂದೀತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸವಿಮಾತು ಕೂಲಿಗೆ ಬದಲಿಯಲ್ಲ. ಪಾತ್ರೆ ತೊಳೆಯುವ ಹುಡುಗನಿಗೆ ಸರಿಯಾದ ಸಂಬಳ, ವಾರಕ್ಕೊಂದು ರಜೆ, ಮಲಗಲು ಗಾಳಿಯಾಡುವ ಜಾಗ ಇವು ಮೊದಲು ಸಲ್ಲಬೇಕಾದ ಬಾಕಿ. ಅದನ್ನು ಉಳಿಸಿಕೊಂಡು ಕೈಮುಗಿಯುವುದು ವಂಚನೆ. ಆದರೆ ಆ ಬಾಕಿಯೆಲ್ಲ ಸಂದ ಮೇಲೂ ‘ನಮ್ ಕಡೆ ತಿರುಕ್ಕೊಂಡ್ ಹೇಳ್ತಾರೆ’ ಎಂದನಲ್ಲ, ಆ ತಿರುಗುವಿಕೆಗೆ ಬೆಲೆ ಕಟ್ಟಲಾಗದು. ಅದಕ್ಕೆ ಜಪಾನೀ ಪದ ಬೇಕಾಗಿಯೂ ಇಲ್ಲ. ‘ಊಟ ಚೆನ್ನಾಗಿತ್ತಮ್ಮ’ ಎಂಬ ನಮ್ಮ ಮಾತು ಸಾಕು, ಅಡುಗೆಮನೆಯ ಕಡೆ ಮುಖ ಮಾಡಿ ಆಡಿದರೆ.

ಸಿದ್ದರಬೆಟ್ಟವನ್ನು ಹತ್ತಿದವರು ಗುಹೆಯ ಸಿದ್ಧೇಶ್ವರನ ಸನ್ನಿಧಿಯಲ್ಲಿ ತಣ್ಣನೆಯ ನೀರನ್ನು ಬೊಗಸೆಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು ಕುಡಿಯುತ್ತಾರೆ. ಅದೇ ಜನ ಬೆಟ್ಟವಿಳಿದು ಅಂಗಡಿಯಲ್ಲಿ ನೀರಿನ ಬಾಟಲಿ ಕೊಂಡರೆ ಅರ್ಧ ಕುಡಿದು ಅರ್ಧವನ್ನು ಚೆಲ್ಲುತ್ತಾರೆ. ಎರಡೂ ಒಂದೇ ಮಳೆಯ ನೀರು.