ಯಾರ ಕಡೆಯಿಂದ ಬಂತು?

ವಂಶವಾಹಿಯ ದೋಷದಿಂದಾಗಿ ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟುವ ಮಕ್ಕಳು ವಿರಳವಾಗಿಯಾದರೂ ಉಂಟು. 1971ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಜನಿಸಿದ ಡೇವಿಡ್ ವೆಟರ್ ಅಂಥವನು. ಅವನ ಜ್ಞಾನಸ್ನಾನಕ್ಕೆ ಬಳಸಿದ ಪವಿತ್ರ ಜಲವನ್ನೂ ರೋಗಾಣುರಹಿತಗೊಳಿಸಬೇಕಾಯಿತು! ಹನ್ನೆರಡು ವರ್ಷ ಪ್ಲಾಸ್ಟಿಕ್ ಗೂಡಿನೊಳಗೆ ಬೆಳೆದ ಮಗನನ್ನು ತಾಯಿ ಬರಿಗೈಯಿಂದ ಮುಟ್ಟಿದ್ದು 1984ರಲ್ಲಿ, ಅವನ ಸಾವು ಸಮೀಪಿಸಿದಾಗ.

ಈ ದೋಷವು ತಾಯಿಯ ಎಕ್ಸ್ ವರ್ಣತಂತುವಿನಲ್ಲಿ ಅಡಗಿದ್ದು ಗಂಡುಮಗುವನ್ನು ಬಾಧಿಸುತ್ತದೆ. ಆಕೆ ಮಾತ್ರ ಆರೋಗ್ಯವಾಗಿಯೇ ಇರುತ್ತಾಳೆ. ಹಾಗೆಂದು ತಪ್ಪು ಆಕೆಯದೇ? ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಪಾಪ ಯಾರದೆಂದು ವಿಚಾರಿಸಿದ್ದರು. ಯೇಸುಸ್ವಾಮಿ ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದರು. ನಮ್ಮ ಮನೆಗಳಲ್ಲಿ ಆ ಪ್ರಶ್ನೆ ಇಂದಿಗೂ ಸೊಸೆಯತ್ತಲೇ ತಿರುಗುತ್ತದೆ. ಮಗುವಿನ ಹಾಸಿಗೆಯ ಬಳಿ ನಿದ್ದೆಗೆಟ್ಟು ಕುಳಿತವಳೂ ಆಕೆಯೇ.