ದುರ್ಮರಣವೂ ಸದ್ಗತಿಯೂ

ಜೀರ್ಣೋದ್ಧಾರದ ಮಂಗಳ ಸಂದರ್ಭದಲ್ಲಿ ಇಂತಹ ಅಮಂಗಳ ವಿಷಯವನ್ನು ಎತ್ತಬಹುದೆ ಎಂದು ಕೆಲವು ಆಸ್ತಿಕ ಬಾಂಧವರು ಹುಬ್ಬೇರಿಸಿಯಾರು. ಆದರೆ ಕಬಿನಿಯ ದಡದ ನಮ್ಮ ಚೇಕಾಡಿಯಿಂದ ಪುಲ್ಪಳ್ಳಿಯವರೆಗೆ ಈ ದುಃಖವನ್ನು ಅರಿಯದವರು ಯಾರು? ಕರಿಮೆಣಸಿನ ಬಳ್ಳಿ ಸೊರಗಿ, ಬೆಲೆ ಕುಸಿದು, ಈ ಶತಮಾನದ ಮೊದಲ ವರ್ಷಗಳಲ್ಲಿ ವಯನಾಡಿನ ಎಷ್ಟೋ ರೈತರು ತಮ್ಮ ಆಯುಷ್ಯವನ್ನು ತಾವೇ ಮುಗಿಸಿಕೊಂಡರು. 2006ರಲ್ಲಿ ಕೇಂದ್ರ ಸರ್ಕಾರವು 31 ಜಿಲ್ಲೆಗಳಿಗೆ ಪರಿಹಾರ ಯೋಜನೆಯನ್ನು ಸಾರಿದಾಗ ವಯನಾಡು, ಕಾಸರಗೋಡು, ಕೊಡಗು ಮೂರೂ ಆ ಪಟ್ಟಿಯಲ್ಲಿದ್ದವು. ಆದರೆ ಉಳಿದವರು ಕೇಳುವ ಪ್ರಶ್ನೆಗೆ ಯಾವ ಸರ್ಕಾರವೂ ಉತ್ತರ ಕೊಡಲಾರದು: “ಹೋದವರಿಗೆ ಗತಿಯುಂಟೆ?”

ಶಾಸ್ತ್ರವಾಕ್ಯಗಳು ಕಠಿಣವಾಗಿವೆ, ಅದನ್ನು ಮರೆಮಾಚಲಾಗದು. ಮನುಸ್ಮೃತಿಯು ಆತ್ಮತ್ಯಾಗಿಗಳಿಗೆ ಉದಕಕ್ರಿಯೆಯನ್ನೇ ನಿಷೇಧಿಸಿದೆ. ಪರಾಶರಸ್ಮೃತಿಯು 60,000 ವರ್ಷಗಳ ನರಕವನ್ನು ಹೇಳುತ್ತದೆ. ಈಶಾವಾಸ್ಯೋಪನಿಷತ್ತಿನ ಮೂರನೆಯ ಮಂತ್ರವು ಆತ್ಮಘಾತಿಗಳಿಗೆ ಕಗ್ಗತ್ತಲೆಯ ಲೋಕಗಳನ್ನು ಹೇಳಿದೆಯೆಂದು ಸಾವಿನ ಮನೆಯ ಜಗಲಿಯಲ್ಲಿಯೇ ಉದ್ಧರಿಸುವ ಪಂಡಿತಮ್ಮನ್ಯರೂ ಉಂಟು. ಅವರು ಶ್ರೀ ಶಂಕರಭಗವತ್ಪಾದರ ಭಾಷ್ಯವನ್ನು ನೋಡಿದಂತೆ ಕಾಣದು. ಅಲ್ಲಿ ಆತ್ಮಘಾತಿಗಳೆಂದರೆ ಆತ್ಮಸ್ವರೂಪವನ್ನು ಅರಿಯದ ಅಜ್ಞಾನಿಗಳೆಂದೇ ಆಚಾರ್ಯರ ಅಭಿಪ್ರಾಯ. ಹಾಗಾದಲ್ಲಿ ಆ ಮಾತು ಜಗಲಿಯಲ್ಲಿ ಕುಳಿತು ತೀರ್ಪು ಕೊಡುವವನಿಗೂ ತಗಲುತ್ತದಷ್ಟೆ!

ಆ ಉಗ್ರವಚನಗಳೆಲ್ಲ ಬದುಕಿರುವವನನ್ನು ತಡೆದು ನಿಲ್ಲಿಸುವುದಕ್ಕಾಗಿ ಹಿರಿಯರು ಕಟ್ಟಿದ ಬೇಲಿಯೆಂದು ನನ್ನ ಅಲ್ಪಮತಿಗೆ ತೋರುತ್ತದೆ. ನಮ್ಮ ಆಚರಣೆಯೇ ಇದಕ್ಕೆ ಸಾಕ್ಷಿ. ಉದಕವನ್ನು ನಿಷೇಧಿಸಿದ ಪರಂಪರೆಯೇ ದುರ್ಮರಣಕ್ಕೀಡಾದವರ ಸದ್ಗತಿಗಾಗಿ ನಾರಾಯಣಬಲಿಯನ್ನೂ ವಿಧಿಸಿತು. ಗೋಕರ್ಣದಲ್ಲಿ ಅದು ಇಂದಿಗೂ ನಡೆಯುತ್ತಿದೆ. ಕರ್ಕಟಕ ಅಮಾವಾಸ್ಯೆಯಂದು ತಿರುನೆಲ್ಲಿಯ ಪಾಪನಾಶಿನಿಯಲ್ಲಿ ಬಲಿಯಿಡಲು ನೆರೆಯುವ ಜನರೊಳಗೆ ಯಾರನ್ನೂ ಆ ತೊರೆಯು “ನಿಮ್ಮವರು ಹೇಗೆ ಸತ್ತರು?” ಎಂದು ಕೇಳುವುದಿಲ್ಲ. ತೊರೆ ಕೇಳದುದನ್ನು ನೆರೆಯವರು ಕೇಳುವುದೇಕೆ?

ಲೆಕ್ಕ ಬರೆಯುವುದೇ ಕಸುಬಾದ ನಾನು ಋಣದ ವಿಷಯವಾಗಿ ಒಂದು ಮಾತನ್ನು ಹೇಳದೆ ಇರಲಾರೆ. ‘ನಾನು ಹೋದರೆ ಸಾಲವೂ ಹೋಯಿತು’ ಎಂಬ ಎಣಿಕೆ ತಪ್ಪು. ಅಡವಿಟ್ಟ ಭೂಮಿಯ ಮೇಲಿನ ಸಾಲ ಹಾಗೆಯೇ ನಿಲ್ಲುತ್ತದೆ. ಬ್ಯಾಂಕಿಗೆ ಹೋಗಿ ವಾಯಿದೆ ಕೇಳಬಲ್ಲ ಯಜಮಾನ ಮಾತ್ರ ಇಲ್ಲವಾಗುತ್ತಾನೆ. ಇನ್ನು, ತಂದೆಯ ಸಾಲ ತೀರದಿದ್ದರೆ ಪರಲೋಕದಲ್ಲಿ ಅವನಿಗೆ ಯಾತನೆಯೆಂದು ಹಿಂದಿನವರು ಮಗನ ಮೇಲೆ ಹೊರಿಸುತ್ತಿದ್ದ ಧರ್ಮಬಾಧ್ಯತೆಯನ್ನು ಕೇರಳದಲ್ಲಿ 1975ರ ಅವಿಭಕ್ತ ಕುಟುಂಬ ರದ್ದತಿ ಕಾಯಿದೆ ತೊಡೆದುಹಾಕಿತು. ವಾರಸುದಾರನ ಹೊಣೆ ಅವನಿಗೆ ಬಂದ ಆಸ್ತಿಯ ಮಿತಿಯಲ್ಲಷ್ಟೆ. ಸಾಲದ ಪುಸ್ತಕವನ್ನು ಯಮಲೋಕದವರೆಗೆ ಒಯ್ಯುವ ಗುಮಾಸ್ತನಿಲ್ಲ.

ಗತಿಯುಂಟೆಂದು ಹೇಳಿದರೆ ಮರಣಕ್ಕೆ ಉತ್ತೇಜನ ಕೊಟ್ಟಂತಾಗದೆ ಎಂಬ ಶಂಕೆ ಬರಬಹುದು. ನಾರಾಯಣಬಲಿಯಿಂದ ಪ್ರೇತಕ್ಕೆ ಶಾಂತಿ ದೊರೆತೀತು. ಉಳುವವನು ಗದ್ದೆಗೆ ಮರಳಿ ಬರಲಾರ, ಮಕ್ಕಳು ಬಾಗಿಲು ನೋಡುವುದು ತಪ್ಪದು. ಅಲ್ಲದೆ, ಮನಸ್ಸು ಕವಿದವನಿಗೆ ನರಕದ ಭಯವೂ ಕಾಣದು, ಸ್ವರ್ಗದ ಆಸೆಯೂ ಕಾಣದು. ಆದುದರಿಂದಲೇ 2017ರ ಮಾನಸಿಕ ಆರೋಗ್ಯ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಮನಃಪೀಡೆಗೆ ಒಳಗಾದವನೆಂದು ಭಾವಿಸಿ, ಶಿಕ್ಷೆಯಿಂದ ಬಿಡುಗಡೆ ಮಾಡಿದೆ. ಅಂಥವನಿಗೆ ಬೇಕಾದುದು ವೈದ್ಯ, ಮತ್ತು ಜೊತೆಗೆ ಕುಳಿತುಕೊಳ್ಳುವ ಒಬ್ಬ ಮನುಷ್ಯ. ಉತ್ತರಕ್ರಿಯೆಯ ಊಟಕ್ಕೆ ತಪ್ಪದೆ ಹೋಗುವ ನಾವು ಬಳ್ಳಿ ಒಣಗಿದ ದಿನವೇ ಆ ಅಂಗಳಕ್ಕೆ ಹೋಗಬಾರದೆ? ಹಗಲಿರುಳೆನ್ನದೆ ಕನ್ನಡ, ಮಲೆಯಾಳ ಎರಡರಲ್ಲಿಯೂ ಮಾತನಾಡಿಸುವ ಸರ್ಕಾರದ ಟೆಲಿ-ಮಾನಸ್ ದೂರವಾಣಿಯ ಸಂಖ್ಯೆ 14416. ದೇವಸ್ಥಾನದ ಪ್ರಕಟಣೆಯ ಹಲಗೆಯಲ್ಲಿ ಪೂಜಾ ಸಮಯದ ಕೆಳಗೆ ಇದನ್ನೂ ಬರೆಸಬೇಕೆಂದು ಆಡಳಿತ ಸಮಿತಿಯವರಲ್ಲಿ ನನ್ನ ಬಿನ್ನಹ.